ರೆಸಿನ್ ಚೆಸ್ ಕಾಯಿ ಉಬ್ಬುವುದೇಕೆ?

ಪ್ರಶ್ನೆ: ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಚೆಸ್ ಕಾಯಿಗಳ ನಕಲನ್ನು ಸಿಲಿಕೋನ್ ಅಚ್ಚಿನಲ್ಲಿ ಅಮೃತಶಿಲೆ ಪುಡಿ ಬೆರೆಸಿದ ಪಾಲಿಯುರೆಥೇನ್ ರೆಸಿನ್ ಸುರಿದು ಮಾಡುತ್ತಿದ್ದೇನೆ. ಬೇಸಿಗೆಯಲ್ಲಿ ಚೆನ್ನಾಗಿ ಬಂದವು. ಜೂನ್‌ನಿಂದ ತಳ ಉಬ್ಬುತ್ತಿದೆ, ರಾಣಿಯ ಕೈಯ ಕೆಳಗೆ ತೂತು ಬೀಳುತ್ತಿದೆ. ಟೀ ಡಿಕಾಕ್ಷನ್‌ನಲ್ಲಿ ನೆನೆಸಿದರೂ ಹಳೆಯ ಬಣ್ಣ ಹಿಡಿಯುತ್ತಿಲ್ಲ. (ಮಂಗಳೂರಿನ ಓದುಗರು)

ಉತ್ತರ: ಪ್ರತಿ ಮಳೆಗಾಲ ಇದೇ ಪ್ರಶ್ನೆ. ಇಲ್ಲಿರುವುದು ಎರಡು ಬೇರೆ ಬೇರೆ ದೋಷ. ಉಬ್ಬಲು ಕಾರಣ ತೇವ, ತೂತಿಗೆ ಕಾರಣ ಸಿಕ್ಕಿಬಿದ್ದ ಗಾಳಿ. ಈ ರೆಸಿನ್ ಆಗುವುದು ಪಾಲಿಯೋಲ್, ಐಸೊಸೈನೇಟ್ ಎಂಬ ಎರಡು ದ್ರವ ಕಲಸಿದಾಗ. ಐಸೊಸೈನೇಟ್ ಭಾಗಕ್ಕೆ ನೀರು ತಗುಲಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟಿ ನೊರೆಯಾಗುತ್ತದೆ. ವ್ಯಾಕ್ಯೂಮ್ ಪಂಪ್ ಕೊಂಡರೆ ಸರಿಹೋಗುತ್ತದೆ ಎನ್ನುವವರ ಮಾತು ನಂಬಿ ದುಡ್ಡು ಸುರಿಯಬೇಡಿ. ಕಲಸಿದ ಮೇಲೂ ಹುಟ್ಟುತ್ತಲೇ ಇರುವ ಅನಿಲವನ್ನು ಪಂಪ್ ತಡೆಯುವುದಿಲ್ಲ.

ಮೊದಲು ಪುಡಿ ಹಾಕದೆ 20 ಗ್ರಾಂ ರೆಸಿನ್ ಕಲಸಿ ನೋಡಿ. ನೊರೆ ಬಂದರೆ ಡಬ್ಬಿಯೇ ಕೆಟ್ಟಿದೆ, ಎಸೆಯಿರಿ. ಬಾರದಿದ್ದರೆ ತಪ್ಪು ಅಮೃತಶಿಲೆ ಪುಡಿಯದು. ಪುಡಿಯನ್ನು ತಟ್ಟೆಯಲ್ಲಿ ತೆಳ್ಳಗೆ ಹರಡಿ 110 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಆರಿಸಿ, ಅಂದೇ ಬಳಸಿ. (ಅಡುಗೆಯ ಓವನ್‌ನಲ್ಲಿ ಬೇಡ.) ಒಟ್ಟು ತೂಕದ ಶೇ 30ಕ್ಕಿಂತ ಹೆಚ್ಚು ಹಾಕಿದರೆ ಮಿಶ್ರಣ ದಪ್ಪಗಾಗಿ ಕಿರೀಟದ ಗೆರೆಗೆ ಇಳಿಯುವುದಿಲ್ಲ. ಪುಡಿ ಸೇರಬೇಕಾದ್ದು ಪಾಲಿಯೋಲ್ ಭಾಗಕ್ಕೆ. ಐಸೊಸೈನೇಟ್‌ಗೆ ಎಂದೂ ಅಲ್ಲ. ಕಾಗದದ ಲೋಟ, ಐಸ್‌ಕ್ರೀಮ್ ಕಡ್ಡಿ ಎರಡರಲ್ಲೂ ತೇವ ಇರುತ್ತದೆ, ಪ್ಲಾಸ್ಟಿಕ್ಕಿನವು ಸಾಕು. ರೆಸಿನ್ ಎಷ್ಟು ಬೇಕೆಂದು ಅಚ್ಚಿಗೇ ನೀರು ತುಂಬಿ ಅಳೆಯುವವರಿದ್ದಾರೆ! ಮೂಲ ಕಾಯಿಯನ್ನು ಅಳತೆ ಲೋಟದಲ್ಲಿ ಮುಳುಗಿಸಿದರೂ ಅದೇ ಲೆಕ್ಕ ಸಿಗುತ್ತದೆ.

ಇನ್ನು ತೂತು. ಲೂಯಿಸ್ ರಾಣಿಯರು ಬಲಗೈಯನ್ನು ಕೆನ್ನೆಗೆ ಆನಿಸಿ ಕೂತಿರುತ್ತಾರೆ. ಕಾಯಿ ತಲೆಕೆಳಗಾಗಿ ಎರಕವಾಗುವುದರಿಂದ ಮೊಣಕೈ, ಅಂಗೈ ಸಂದಿನ ಗಾಳಿಗೆ ಹೊರದಾರಿ ಇಲ್ಲ. ಒಣ ಟಾಲ್ಕನ್ನು ಕುಂಚದಿಂದ ಅಚ್ಚಿನೊಳಗೆ ಸವರಿ ಕೊಡವಿ. ಮೂರನೇ ಒಂದು ಭಾಗ ಸುರಿದು, ಅಚ್ಚನ್ನು ಓರೆ ಮಾಡಿ ಕೆನ್ನೆಯ ಕಡೆ ತಟ್ಟಿ, ಆಮೇಲೆ ತುಂಬಿಸಿ. ಎಲ್ಲವೂ ಎರಡು ಮೂರು ನಿಮಿಷದೊಳಗೆ. ಕೈಗವಸು, ಎಕ್ಸಾಸ್ಟ್ ಫ್ಯಾನ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ.

ಟೀ ಹಿಡಿಯುವುದು ಮೂಳೆಗೆ, ಮರಕ್ಕೆ. ರೆಸಿನ್ ಹೀರುವುದಿಲ್ಲ, ವಾರ ನೆನೆಸಿದರೂ ಒರೆಸಿದರೆ ಹೋಗುತ್ತದೆ. ಕೆನೆ ಬಣ್ಣವನ್ನು ಪಾಲಿಯೋಲ್‌ನಲ್ಲೇ ಒಂದೆರಡು ಹನಿ ಬೆರೆಸಿ. ಎರಕ ಗಟ್ಟಿಯಾದ ಮೇಲೆ ನೀರಾಗಿಸಿದ ಕಂದು ಅಕ್ರಿಲಿಕ್ ಹಚ್ಚಿ ತಕ್ಷಣ ಒರೆಸಿ, ಗೆರೆಗಳಲ್ಲಷ್ಟೇ ಉಳಿಯಲಿ.

ಪ್ರಶ್ನೆ: ಎದುರಾಳಿಯ ಕಾಯಿಗೆ ಕಪ್ಪು ಬಳಿಯಬಹುದೇ?

ಉತ್ತರ: ಕೆಂಪು ಬಳಿಯಿರಿ. 1831ರಲ್ಲಿ ಸಿಕ್ಕಾಗ ಕೆಲವು ಕಾಯಿಗಳ ಮೇಲೆ ಕೆಂಪಿನ ಗುರುತಿತ್ತು.

ಪ್ರಶ್ನೆ: ಸೆಟ್‌ನಲ್ಲಿ ಆನೆ, ಒಂಟೆ ಯಾವುದು?

ಉತ್ತರ: ಎರಡೂ ಇಲ್ಲ. ನಮ್ಮ ಆನೆಯ ಜಾಗದಲ್ಲಿ ಗುರಾಣಿ ಹಿಡಿದ ಯೋಧ, ಕೆಲವರು ಅದನ್ನು ಕಚ್ಚಿಕೊಂಡೇ ನಿಂತಿದ್ದಾರೆ. ಒಂಟೆಯ ಜಾಗದಲ್ಲಿ ಬಿಷಪ್.

ಪ್ರಶ್ನೆ: ‘ಸರ್ಟಿಫಿಕೇಟ್ ಇರುವ ಹಳೆಯ ದಂತ’ದಲ್ಲಿ ಒಬ್ಬರು ಮಾಡಿಕೊಡುತ್ತಾರಂತೆ?

ಉತ್ತರ: ಭಾರತದಲ್ಲಿ ಆನೆದಂತದ ವ್ಯಾಪಾರ ಅಪರಾಧ. ಮೂಲ ಕಾಯಿಗಳೂ ಆನೆದಂತದವಲ್ಲ, ಹೆಚ್ಚಿನವು ವಾಲ್ರಸ್ ಕೋರೆಯವು. ಆತನ ನಂಬರ್ ಅಳಿಸಿಹಾಕಿ.