ಇನ್ನೊಂದು ಸಲ ನೀಟ್, ಇಲ್ಲಾ ಕೈಯಲ್ಲಿರುವ ಬಯೋಕೆಮಿಸ್ಟ್ರಿ?

ನೀಟ್ ಫಲಿತಾಂಶ ಬಂದ ಮೇಲೆ ಪ್ರತಿ ವರ್ಷ ಒಂದೇ ಥರದ ಮಕ್ಕಳು ಸಲಹೆ ಕೇಳಲು ನನ್ನ ಹತ್ತಿರ ಬರುತ್ತಾರೆ. ಮೆಡಿಕಲ್ ಸೀಟು ಸಿಗಲಿಲ್ಲ, ಹತ್ತಿರದ ಕಾಲೇಜಿಗೆ ಬಿಎಸ್ಸಿ ಸೇರಿದೆ, ಓದಲು ಮನಸ್ಸಿಲ್ಲ. ಈ ಹುಡುಗಿಯೂ ಹಾಗೇ ಬಂದವಳು. ಗುರುತು ಸಿಗುವ ವಿವರ ಬದಲಿಸಿದ್ದೇನೆ. ಮಂಡ್ಯ ಕಡೆಯ ಕಬ್ಬು ಬೆಳೆಯುವ ಮನೆ. ಸಣ್ಣ ಕಾಲೇಜಿನಲ್ಲಿ ಬಯೋಕೆಮಿಸ್ಟ್ರಿ, ಎರಡನೇ ವರ್ಷ. ಕಾಲೇಜು ಬಿಡಿಸಿ ಮತ್ತೆ ಕೋಚಿಂಗ್‌ಗೆ ಹಾಕುವುದು ಅವಳಪ್ಪನ ಯೋಚನೆ.

ಮೊದಲೆರಡು ಭೇಟಿಯಲ್ಲಿ ಬರೀ ಅಳು, ಕಾಲೇಜಿನ ಮೇಲೆ ದೂರು. "ಇರೋದು ಒಂದೇ ಕಲರಿಮೀಟರ್ ಮೇಡಂ. ಕ್ಲಾಸಲ್ಲಿ ಹತ್ತು ಜನಾನೂ ಇಲ್ಲ." ಕಲರಿಮೀಟರ್ ಅಂದರೆ ದ್ರಾವಣದ ಬಣ್ಣ ಎಷ್ಟು ಗಾಢ ಅಂತ ಅಳೆಯುವ ಯಂತ್ರ.

ಮುಂದಿನ ಸಲ ನೀಟ್ ಮಾತೇ ಎತ್ತಲಿಲ್ಲ. "ಹೋದ ವಾರ ಪ್ರಾಕ್ಟಿಕಲ್‌ನಲ್ಲಿ ಏನಮ್ಮಾ ಮಾಡಿದ್ರಿ?" ಅಂದೆ.

ಬೆನೆಡಿಕ್ಟ್ ಪರೀಕ್ಷೆಯಂತೆ. ನೀಲಿ ದ್ರಾವಣ ಸೇರಿಸಿ ಕಾಯಿಸಿದರೆ ಗ್ಲೂಕೋಸ್‌ನಂಥ ಸಕ್ಕರೆ ಇದ್ದಾಗ ಬಣ್ಣ ಬದಲಾಗುತ್ತದೆ. ಇವಳು ಮನೆಯಿಂದ ಚೂರು ಬೆಲ್ಲ ಒಯ್ದಿದ್ದಳು. ಸಕ್ಕರೆ ನೀರು ಕಾಯಿಸಿದರೂ ನೀಲಿಯಾಗೇ ಉಳಿಯಿತು, ಬೆಲ್ಲದ್ದು ಇಟ್ಟಿಗೆ ಕೆಂಪಾಯಿತು. ಸಕ್ಕರೆಯಲ್ಲಿ ಇರುವುದು ಸುಕ್ರೋಸ್, ಅದಕ್ಕೆ ಬಣ್ಣ ಬರುವುದಿಲ್ಲ. ಬೆಲ್ಲದಲ್ಲಿ ಸ್ವಲ್ಪ ಗ್ಲೂಕೋಸ್, ಫ್ರಕ್ಟೋಸ್ ಕೂಡ ಇರುತ್ತದೆ. ಇಷ್ಟು ಹೇಳಿ ಅವಳು ನಿಲ್ಲಲಿಲ್ಲ.

"ಕಡಿದ ಕಬ್ಬು ಫ್ಯಾಕ್ಟರಿ ಮುಂದೆ ಗಾಡೀಲಿ ಕಾಯ್ತಾ ನಿಂತಿರತ್ತಲ್ಲ ಮೇಡಂ, ಆಗ್ಲೂ ಹೀಗೇ. ಕಬ್ಬಿನೊಳಗೇ ಇನ್ವರ್ಟೇಸ್ ಅನ್ನೋ ಕಿಣ್ವ ಇದೆ. ಸುಕ್ರೋಸನ್ನ ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆದುಬಿಡತ್ತೆ. ಒಡೆದದ್ದು ಫ್ಯಾಕ್ಟರೀಲಿ ಸಕ್ಕರೆ ಹರಳಾಗಲ್ಲ. ಕಬ್ಬು ಒಣಗಿ ತೂಕ ಹೋಯ್ತು ಅಂತಾರೆ ಅಪ್ಪ. ಬರೀ ತೂಕ ಅಲ್ಲ, ಸಕ್ಕರೇನೂ ಹೋಗಿರತ್ತೆ. ಬಿಸಿಲು ಜಾಸ್ತಿ ಆದ್ರೆ ಇನ್ನೂ ಬೇಗ."

ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಪಾಠದ ಕಿಣ್ವವನ್ನು ತಮ್ಮ ಗಾಡಿಯ ಕಬ್ಬಿಗೆ ತಾನೇ ತಂದು ಸೇರಿಸಿದ್ದಳು. "ಡಾಕ್ಟರ್ ಆಗಬೇಕು ಅನ್ನೋ ಆಸೆ ನಿಂದಾ?" ಅಂತ ಆಗ ಕೇಳಿದೆ. ತುಂಬಾ ಹೊತ್ತು ಯೋಚಿಸಿ ಹೇಳಿದಳು: "ಬಯಾಲಜಿ ಇಷ್ಟ ಅಂದಿದ್ದೆ ಮೇಡಂ. ಮಿಕ್ಕಿದ್ದು ಮನೇಲಿ ತೀರ್ಮಾನ ಆಯ್ತು."

ಡಿಗ್ರಿ ಬಿಡಬೇಡ ಅಂದೆ. ಅವರಪ್ಪನಿಗೆ ಬೇಸರವಾಯಿತು. "ಇನ್ನೊಂದ್ಸಲ ಬರೀಲಿ ಬುಡಿ ಮೇಡಂ, ಹೋಗೋದೇನು?" ಅಂದರು. ಹೋಗುವುದು ಇದೆ, ವರ್ಷಗಳು. ನೀಟ್ ಇಷ್ಟೇ ಸಲ ಬರೆಯಬೇಕು ಅನ್ನುವ ಮಿತಿ ಇಲ್ಲ. ಹಾಗಾಗಿ ಎಲ್ಲಿ ನಿಲ್ಲಿಸಬೇಕು ಅಂತ ಮನೆಯವರೇ ತೀರ್ಮಾನಿಸಬೇಕು. ವೈದ್ಯಳಾಗಲೇಬೇಕು ಅನ್ನುವ ಹಟ ಮಗುವಿನದೇ ಆಗಿದ್ದರೆ ಬರಿ ಅಂತ ನಾನೇ ಹೇಳುತ್ತೇನೆ, ಹೇಳಿದ್ದೂ ಇದೆ. ಇಲ್ಲಿ ಆ ಹಟ ಇರಲಿಲ್ಲ. ಅವಳ ಬಾಗಿಲು ಮುಚ್ಚಿದೆ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ.

ಆದರೆ ಸುಳ್ಳು ಭರವಸೆಯನ್ನೂ ಕೊಡಲಿಲ್ಲ. ಬರೀ ಬಿಎಸ್ಸಿ ಬಯೋಕೆಮಿಸ್ಟ್ರಿಗೆ ಕೆಲಸ ಕಡಿಮೆ. ರಕ್ತ ಪರೀಕ್ಷೆಯ ಲ್ಯಾಬ್‌ಗಳು ಎಂಎಲ್‌ಟಿ, ಅಂದರೆ ಲ್ಯಾಬ್ ತಂತ್ರಜ್ಞರ ಕೋರ್ಸ್, ಓದಿದವರನ್ನು ಮೊದಲು ನೋಡುತ್ತವೆ. ಎಂಎಸ್ಸಿ ಮಾಡಲೇಬೇಕು ಅಂದುಕೊಂಡು ಓದು ಅಂದೆ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯ ಬಯೋಕೆಮಿಸ್ಟ್ರಿ ವಿಭಾಗಕ್ಕೆ ಒಂದು ಸಲ ಹೋಗಿ ಬಾ, ಎಂಎಸ್ಸಿ ಪ್ರವೇಶ ಪರೀಕ್ಷೆಯಾದ ಐಐಟಿ ಜ್ಯಾಮ್‌ನ ಹಳೇ ಬಯೋಟೆಕ್ನಾಲಜಿ ಪ್ರಶ್ನೆಪತ್ರಿಕೆ ಈಗಿನಿಂದಲೇ ಬಿಡಿಸು. ಮೈಸೂರಿನಲ್ಲಿ 1950ರಿಂದ ಸಿಎಫ್‌ಟಿಆರ್‌ಐ ಅನ್ನುವ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಇದೆ, ಬೆಲ್ಲ, ಕಿಣ್ವ ಅನ್ನುವವಳಿಗೆ ಆಹಾರ ವಿಜ್ಞಾನ ದೂರದ್ದೇನಲ್ಲ.

ಕಲರಿಮೀಟರ್ ಒಂದೇ ಅಂತ ಅತ್ತಳಲ್ಲ, ಅದಕ್ಕೂ ಉತ್ತರ ಕೊಟ್ಟೆ. ದೊಡ್ಡ ಬ್ಯಾಚಿನಲ್ಲಿ ಒಬ್ಬರು ಪಿಪೆಟ್ ಹಿಡಿದರೆ ಉಳಿದವರು ರೀಡಿಂಗ್ ಬರೆದುಕೊಳ್ಳುತ್ತಾರೆ. ಇಲ್ಲಿ ಪ್ರತಿ ಪ್ರಯೋಗ ನೀನೇ ಮಾಡಬಹುದು, ತಪ್ಪಿದರೆ ಇನ್ನೊಮ್ಮೆ ಮಾಡುತ್ತೇನೆ ಅಂತ ಮೇಷ್ಟ್ರನ್ನು ಕೇಳಬಹುದು. ಕೇಳಿದಳು. ಕಡಿದ ದಿನದ ಕಬ್ಬಿನ ರಸ, ನಾಲ್ಕು ದಿನ ಇಟ್ಟ ಕಬ್ಬಿನ ರಸ, ಎರಡರಲ್ಲೂ ಒಡೆದ ಸಕ್ಕರೆ ಎಷ್ಟಿದೆ ಅಂತ ಡಿಎನ್‌ಎಸ್ ವಿಧಾನದಲ್ಲಿ (ಒಡೆದ ಸಕ್ಕರೆ ಹೆಚ್ಚಿದ್ದಷ್ಟೂ ಬಣ್ಣ ಗಾಢವಾಗುತ್ತದೆ, ಅದನ್ನು ಕಲರಿಮೀಟರ್‌ನಲ್ಲಿ ನೋಡುತ್ತಾರೆ) ಅಳೆಯುವ ಪ್ರಾಜೆಕ್ಟ್ ಒಪ್ಪಿಸಿಕೊಂಡಿದ್ದಾಳೆ. ಕಬ್ಬು ಅಪ್ಪನೇ ತಂದುಕೊಡುತ್ತಾರಂತೆ.