ಹುಲ್ಲಿನ ಬೇಲ್ ಮೇಲೆ ಮಾತ್ರ ಯಾರನ್ನೂ ಕೂರಿಸಬೇಡಿ ಅಕ್ಕಾ

ಅಕ್ಕಾ, ಟೆಕ್ಸಸ್‌ನ ಡ್ರಿಪ್ಪಿಂಗ್ ಸ್ಪ್ರಿಂಗ್ಸ್ ಹತ್ತಿರದ ರ‍್ಯಾಂಚ್‌ನಲ್ಲಿ ಅಕ್ಟೋಬರ್‌ಗೆ ಮಗಳ ಕೌಬಾಯ್ ಮದುವೆ, 120 ಜನ ಕೂರಲು 60 ಹುಲ್ಲಿನ ಬೇಲ್ (ಒತ್ತಿ ಕಟ್ಟಿದ ಹೊರೆ) ಹೇಳಿದ್ದೇನೆ ಅಂತ ಬರೆದಿದ್ದೀರಿ. ದಯವಿಟ್ಟು ಆ ಆರ್ಡರ್ ನಿಲ್ಲಿಸಿ. 2019ರಲ್ಲಿ ಮಗನ ಮದುವೆಗೆ ನಾನೂ ಇದನ್ನೇ ಮಾಡಿದ್ದೆ.

ಹಿಂದಿನ ರಾತ್ರಿ ಸಣ್ಣ ಮಳೆ ಬಂದಿತ್ತು. ಬೆಳಿಗ್ಗೆ ಕೈಯಿಟ್ಟು ನೋಡಿದೆ, ಮೇಲೆಲ್ಲ ಒಣಗಿತ್ತು. ಒಳಗೆ ಹಸಿ. ಕೂತವರ ಭಾರಕ್ಕೆ ತೇವ ಮೇಲೆ ಬಂತು. ನಮ್ಮತ್ತೆ ತಮ್ಮ ಮದುವೆಯ ರೇಷ್ಮೆ ಸೀರೆ ಉಟ್ಟಿದ್ದರು. ಏಳುವಾಗ ಒಂದು ಕಡ್ಡಿ ಸೆರಗಿನ ಜರಿಗೆ ಸಿಕ್ಕಿಕೊಂಡಿತು. ಬಿಡಿಸುವಷ್ಟರಲ್ಲಿ ಗೇಣುದ್ದ ಎಳೆ ಕಿತ್ತು ಬಂತು. ಅವರು ಒಂದು ಮಾತೂ ಆಡಲಿಲ್ಲ, ಸೆರಗು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ನನಗೆ ಇವತ್ತಿಗೂ ಸಂಕಟ.

ಫೋಟೋ ಜಾಗಕ್ಕೆ ಬೇಕಿದ್ದರೆ ಹತ್ತು ಬೇಲ್ ಸಾಕು. ಅದೂ ‘ಹೇ’ (hay) ಬೇಡ, ‘ಸ್ಟ್ರಾ’ (straw) ಕೇಳಿ. ಹೇ ದನದ ಮೇವು, ಅದರಲ್ಲಿ ಧೂಳು, ಬೀಜ ಜಾಸ್ತಿ. ಸ್ಟ್ರಾ ಕಾಳು ಬಡಿದ ಮೇಲೆ ಉಳಿಯುವ ಒಣ ದಂಟು. ಮೇಲೆ ಕೌದಿ ಹಾಕಿ. ಬೆಡ್‌ಶೀಟ್ ಆಗುವುದಿಲ್ಲ, ಕಡ್ಡಿ ತೂರಿ ಬರುತ್ತದೆ. ಮತ್ತೆ, ಸ್ಟ್ರಾ ಅಂದರೆ ಬೆಂಕಿಗೆ ಕಾದು ಕೂತ ಹಾಗೆ. ಹೋಮಕುಂಡದ ಹತ್ತಿರ ಇಡಲೇಬೇಡಿ.

ಹೋಮ ಅಂದಾಗ ನೆನಪಾಯಿತು. ಮಳೆ ಇಲ್ಲದೆ ಒಣಗಿದ್ದರೆ ಕೌಂಟಿಯವರು (ಇಲ್ಲಿನ ಜಿಲ್ಲಾಡಳಿತ) ಬರ್ನ್ ಬ್ಯಾನ್ ಹಾಕುತ್ತಾರೆ, ಅಂದರೆ ಬಯಲಲ್ಲಿ ಬೆಂಕಿ ಹಚ್ಚುವಂತಿಲ್ಲ. ರ‍್ಯಾಂಚ್‌ನವರು ಪರವಾಗಿಲ್ಲ ಅಂದರು ಅಂತ ಸುಮ್ನೆ ಇರಬೇಡಿ. ನೀವೇ ಕೌಂಟಿಯ ಫೈರ್ ಮಾರ್ಷಲ್ (ಬೆಂಕಿ ಸುರಕ್ಷತೆಯ ಅಧಿಕಾರಿ) ಆಫೀಸಿಗೆ ಫೋನ್ ಮಾಡಿ, ಕುಂಡದ ಅಳತೆ ಹೇಳಿ ಕೇಳಿ. ಮದುವೆಯ ವಾರ ಇನ್ನೊಮ್ಮೆ ಕೇಳಿ. ಪುರೋಹಿತರಿಗೂ ಮೊದಲೇ ತಿಳಿಸಿ. ಕಚ್ಚಿದರೆ ಉರಿಯುವ ಬೆಂಕಿ ಇರುವೆಯ (ಫೈರ್ ಆಂಟ್) ಗೂಡು ಎಲ್ಲೆಲ್ಲಿದೆ ಅಂತ ಮಂಟಪದ ಸುತ್ತ ನಡೆದು ನೋಡಿ, ನಮ್ಮವರು ಅಲ್ಲಿ ಬರಿಗಾಲಲ್ಲಿ ಇರುತ್ತಾರೆ ಅಲ್ವಾ.

ಮಗಳು ಬೂಟನ್ನು ಹೊಸದಾಗಿಯೇ ಇರಲಿ ಅಂತ ಡಬ್ಬದಲ್ಲಿ ಇಟ್ಟಿದ್ದಾಳೆ ಅಂದಿರಿ. ಇವತ್ತೇ ತೆಗೆಸಿ! ದಿನಾ ಒಂದೊಂದು ಗಂಟೆ ಮನೆಯೊಳಗೆ ಹಾಕಿ ಓಡಾಡಲಿ. ಹಿಮ್ಮಡಿ ಸ್ವಲ್ಪ ಜಾರಿದರೆ ಚಿಂತೆಯಿಲ್ಲ, ಬೆರಳು ಒತ್ತಿದರೆ ಬದಲಾಯಿಸಿ. ಚರ್ಮದ ಅಟ್ಟೆ ಹೊಸದರಲ್ಲಿ ಡಾನ್ಸ್ ಫ್ಲೋರ್ ಮೇಲೆ ಜಾರುತ್ತದೆ, ಉಪ್ಪುಕಾಗದದಲ್ಲಿ ಉಜ್ಜಿ. ನನ್ನ ಕಾಲಿಗೆ ಅರಿಯಾಟ್ ಕಂಪನಿಯ ಬೂಟು ಮೊದಲ ದಿನವೇ ಮೆತ್ತಗಿತ್ತು. ಲುಕೇಸಿ ಕಂಪನಿಯದು ನೋಡಲು ಬಹಳ ಚೆಂದ, ಆದರೆ ಒಂದು ದಿನದ ಮದುವೆಗೆ ಅಷ್ಟು ದುಡ್ಡು ಹಾಕಬೇಡಿ.

ಹ್ಯಾಟ್ ಅಕ್ಟೋಬರ್‌ಗೆ ಫೆಲ್ಟ್‌ನದು (ಒತ್ತಿದ ಉಣ್ಣೆ ಬಟ್ಟೆಯದು) ಇರಲಿ, ಸ್ಟ್ರಾ ಹ್ಯಾಟ್ ಬೇಸಿಗೆಯದು. ಮೇಜಿನ ಮೇಲೆ ಇಡುವಾಗ ನೆತ್ತಿ ಕೆಳಗೆ, ಅಂಚು ಮೇಲೆ. ಇಲ್ಲದಿದ್ದರೆ ಅಂಚಿನ ಆಕಾರ ಕೆಡುತ್ತದೆ. ಬೇರೆಯವರ ಹ್ಯಾಟ್ ತೆಗೆದು ಹಾಕಿಕೊಂಡು ಸೆಲ್ಫಿ ಬೇಡ ಅಂತ ನಮ್ಮ ಹುಡುಗರಿಗೆ ಹೇಳಿಡಿ. ಇಲ್ಲಿನವರಿಗೆ ಹಿಡಿಸುವುದಿಲ್ಲ.

ಇನ್ನೊಂದು ಮಾತು, ಬಾರ್ಬೆಕ್ಯೂ ಮೆನುವಿನ ಪಿಂಟೋ ಬೀನ್ಸ್ ಸಸ್ಯಾಹಾರ ಅಂತ ನಂಬಬೇಡಿ. ಬೇಕನ್ (ಹಂದಿಮಾಂಸ) ಹಾಕಿ ಬೇಯಿಸುವುದು ಇಲ್ಲಿ ಮಾಮೂಲು. ಬೇರೆ ಪಾತ್ರೆ, ಬೇರೆ ಸೌಟು ಬೇಕು ಅಂತ ಬರೆಸಿಕೊಳ್ಳಿ.

ಕೂರಲು ಮಡಚುವ ಮರದ ಕುರ್ಚಿ ಬಾಡಿಗೆಗೆ ತನ್ನಿ. ನನ್ನ ಹತ್ತಿರ ಊರಿಂದ ತಂದ ಆರು ಕೌದಿ ಇವೆ. ಆಸ್ಟಿನ್ ಕಡೆ ಬಂದರೆ ತೆಗೆದುಕೊಂಡು ಹೋಗಿ.