ಮಾಹಿತಿ ಬೇರೆ ಬೇರೆ ಇರುವವರು ಒಮ್ಮತಕ್ಕೆ ಬರುವುದು ಹೇಗೆ?

ಇಬ್ಬರೂ ತಿಳಿದವರು, ಇಬ್ಬರೂ ಪ್ರಾಮಾಣಿಕರು, ಆದರೆ ಒಬ್ಬರ ಬಳಿ ಇರುವ ಮಾಹಿತಿ ಇನ್ನೊಬ್ಬರ ಬಳಿ ಇಲ್ಲ. ಇಂಥವರು ತಮ್ಮ ಅಭಿಪ್ರಾಯವನ್ನಷ್ಟೇ ಹೇಳಿಕೊಂಡರೆ ಸಾಕೇ ಎಂದು ಕೇಳಿದ್ದೀರಿ. ಒಮ್ಮತಕ್ಕೆ ಸಾಕಾಗಬಹುದು, ಸರಿಯಾದ ತೀರ್ಮಾನಕ್ಕೆ ಸಾಲದು ಎಂಬುದು ನನ್ನ ಉತ್ತರ.

ಒಂದು ಸಂಗತಿಯ ಸಾಧ್ಯತೆ ಎಷ್ಟೆಂಬ ಬಗ್ಗೆ, ತಮ್ಮ ತಮ್ಮ ಮಾಹಿತಿ ಸಿಗುವ ಮೊದಲಿನ ಅಂದಾಜು ಒಂದೇ ಆಗಿದ್ದ ಇಬ್ಬರು ವಿವೇಕಿಗಳಿಗೆ ಪರಸ್ಪರರ ಈಗಿನ ಅಂದಾಜು ಗೊತ್ತಿದ್ದು, ಗೊತ್ತಿದೆ ಎಂಬುದೂ ಇಬ್ಬರಿಗೂ ಗೊತ್ತಿದ್ದು, ಈ ಸರಪಳಿ ಕೊನೆಯಿಲ್ಲದೆ ಸಾಗುವುದಾದರೆ ಆ ಅಂದಾಜುಗಳು ಬೇರೆಯಾಗಿರಲಾರವು ಎಂದು 1976ರಲ್ಲಿ ಗಣಿತಜ್ಞ ರಾಬರ್ಟ್ ಔಮನ್ ಸಾಧಿಸಿ ತೋರಿಸಿದರು. 1982ರಲ್ಲಿ ಜಿಯನಕೋಪ್ಲಸ್ ಮತ್ತು ಪೋಲೆಮಾರ್ಕಾಕಿಸ್ ಎಂಬ ಅರ್ಥಶಾಸ್ತ್ರಜ್ಞರು, ಅಂಥವರು ಸರದಿಯಂತೆ ಅಂದಾಜು ಹೇಳುತ್ತಾ ತಿದ್ದಿಕೊಳ್ಳುತ್ತಾ ಹೋದರೆ ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತಾರೆ ಎಂದು ತೋರಿಸಿದರು. ಎಲ್ಲಿ ನಿಲ್ಲುತ್ತಾರೆ ಎಂಬುದೇ ನನಗೆ ಮುಖ್ಯವಾದ ಪ್ರಶ್ನೆ.

ನಾವಿಬ್ಬರೂ ಒಂದೊಂದು ನಾಣ್ಯ ಚಿಮ್ಮಿ, ನಮ್ಮ ನಮ್ಮದನ್ನು ಮಾತ್ರ ನೋಡಿಕೊಂಡಿದ್ದೇವೆ ಎನ್ನಿ. ಎರಡೂ ಒಂದೇ ಮುಖ ಬಿದ್ದಿವೆಯೇ ಎಂದು ಕೇಳಿದರೆ ನಾನು ಅರ್ಧಕ್ಕರ್ಧ ಸಾಧ್ಯತೆ ಎನ್ನುತ್ತೇನೆ. ನೀವೂ ಅದನ್ನೇ ಹೇಳುತ್ತೀರಿ. ಒಮ್ಮತ ಪೂರ್ಣವಾಗಿದೆ, ಆದರೂ ಇಬ್ಬರಿಗೂ ಹೊಸದೇನೂ ತಿಳಿಯಲಿಲ್ಲ. 'ನನ್ನದು ಹೆಡ್' ಎಂದು ಒಬ್ಬರು ಬಾಯಿಬಿಟ್ಟಿದ್ದರೆ ಇನ್ನೊಬ್ಬರಿಗೆ ಆ ಕ್ಷಣವೇ ಉತ್ತರ ಸಿಗುತ್ತಿತ್ತು. ಸಭೆಯಲ್ಲಿ ಎಲ್ಲರೂ ಬೇಗನೆ ತಲೆಯಾಡಿಸಿದಾಗಲೆಲ್ಲ ನನಗೆ ಈ ನಾಣ್ಯಗಳು ನೆನಪಾಗುತ್ತವೆ. ಹಾಗಾಗಿ ಅಭಿಪ್ರಾಯ ಕೇಳುವ ಮೊದಲು, ತನಗೊಬ್ಬನಿಗೇ ಗೊತ್ತಿರುವುದೇನು ಎಂದು ಪ್ರತಿಯೊಬ್ಬರಿಂದಲೂ ಕೇಳಿ ಬರೆದಿಟ್ಟುಕೊಳ್ಳಿ ಎಂದು ಒತ್ತಾಯಿಸುತ್ತೇನೆ.

ಸ್ವಾರ್ಥ ಸೇರಿಕೊಂಡಾಗ ಇದೂ ಸಾಲುವುದಿಲ್ಲ. ಕಾವೇರಿಯನ್ನೇ ನೋಡಿ. ಕೆಆರ್‌ಎಸ್, ಕಬಿನಿ, ಹೇಮಾವತಿ, ಹಾರಂಗಿಗಳ ಒಳಹರಿವು ಮೇಲಿನವರ ಕಣ್ಣೆದುರಿಗಿದೆ. ಮೆಟ್ಟೂರಿನಾಚೆ ನೀರಿಗಾಗಿ ಕಾದಿರುವ ಭತ್ತದ ಗದ್ದೆ ಕೆಳಗಿನವರ ಕಣ್ಣೆದುರಿಗಿದೆ. ಒಬ್ಬರು ಹೇಳಿದ ಲೆಕ್ಕವನ್ನು ಇನ್ನೊಬ್ಬರು ಸುಲಭವಾಗಿ ನಂಬುವುದಿಲ್ಲ. ಕಾವೇರಿ ನ್ಯಾಯಮಂಡಳಿಯ 1991ರ ಮಧ್ಯಂತರ ಆದೇಶ, ಕರ್ನಾಟಕ ಮೆಟ್ಟೂರಿಗೆ ವರ್ಷಕ್ಕೆ 205 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ನೀರು ತಲುಪಿಸಬೇಕು ಎಂದಿತ್ತು. 2007ರ ಅಂತಿಮ ತೀರ್ಪು ಅಳತೆಯನ್ನು ಗಡಿಯ ಬಿಳಿಗುಂಡ್ಲುವಿಗೆ, ಕೇಂದ್ರ ಜಲ ಆಯೋಗದ ಮಾಪನ ಕೇಂದ್ರಕ್ಕೆ ತಂದು 192 ಟಿಎಂಸಿ ಎಂದಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು 177.25ಕ್ಕೆ ಇಳಿಸಿತು. ಈ ಪ್ರಮಾಣಗಳಷ್ಟೇ ದೊಡ್ಡ ಸಂಗತಿ ಆ ಮಾಪನ ಕೇಂದ್ರ ಎಂದು ನಾನು ತಿಳಿದಿದ್ದೇನೆ, ಏಕೆಂದರೆ ಅಲ್ಲಿಯ ಅಂಕಿ ಎರಡೂ ರಾಜ್ಯಗಳದ್ದಲ್ಲ, ಮೂರನೆಯವರದು. 2023ರಲ್ಲಿ ಮಳೆ ಕೈಕೊಟ್ಟಾಗ ಜಗಳ ಮತ್ತೆ ಎದ್ದಿತು, ನಿಜ. ಕೊರತೆಯನ್ನು ಹೇಗೆ ಹಂಚಿಕೊಳ್ಳಬೇಕೆಂಬುದನ್ನು ಯಾವ ಮಾಪಕವೂ ಹೇಳಲಾರದು. ಆದರೆ ಗಡಿ ದಾಟಿದ ನೀರೆಷ್ಟು ಎಂಬ ವಾದವನ್ನು ಬದಿಗಿಟ್ಟು ಆ ಹಂಚಿಕೆಯ ಬಗ್ಗೆಯೇ ಮಾತಾಡಲು ಅದರಿಂದ ಅವಕಾಶವಾಗಿದೆ.